ದ್ವೀಪದೊಡೆಯನ ಲೆಕ್ಕ: ‘ಟ್ರಾಪಿಕೋ’ ಎಂಬ ಆಟದ ವಿಮರ್ಶೆ

ಆಟಕ್ಕೂ ಅರಸುತನಕ್ಕೂ ಇರುವ ನಂಟು ಬಹು ಹಳೆಯದು. ಚದುರಂಗದ ಮಣೆಯ ಮೇಲೆ ಅರಸನೂ ಮಂತ್ರಿಯೂ ಆನೆಕುದುರೆಗಳೂ ಎದುರುಬದುರಾಗಿ ನಿಂತು ಎಷ್ಟೋ ಶತಮಾನಗಳು ಕಳೆದುವು. ಪಗಡೆಯ ಹಾಸಿನ ಮುಂದೆ ಕುಳಿತ ಧರ್ಮರಾಯನು ರಾಜ್ಯಕೋಶಗಳನ್ನೂ ತಮ್ಮಂದಿರನ್ನೂ ತನ್ನನ್ನೂ ಕಡೆಗೆ ದ್ರೌಪದಿಯನ್ನೂ ಪಣವಾಗಿ ಒಡ್ಡಿ ಸೋತ ಕಥೆಯನ್ನು ಕನ್ನಡಿಗರು ಗಮಕಿಗಳ ಬಾಯಿಂದ ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ಆದರೆ ಮಣೆಯ ಮೇಲಿನ ಕಾಲಾಳಿಗೆ ಹೆಸರಿಲ್ಲ, ಹಸಿವಿಲ್ಲ, ಹೆಂಡಿರುಮಕ್ಕಳಿಲ್ಲ. ಪಗಡೆಯಲ್ಲಿ ಕೈಬದಲಾದ ಪ್ರಜೆಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕಾಲಾಳಿಗೂ ಒಂದು ಹೆಸರನ್ನಿಟ್ಟು, ಅವನ ಕೂಲಿಯನ್ನೂ ಗುಡಿಸಲನ್ನೂ ಮನಸ್ಸಿನ ಅಸಮಾಧಾನವನ್ನೂ ಲೆಕ್ಕಕ್ಕೆ ಹಿಡಿದರೆ ಆಟದ ಸ್ವರೂಪವೇ ಬೇರೆಯಾಗುವುದಿಲ್ಲವೆ? ಈ ಪ್ರಶ್ನೆಗೆ ಉತ್ತರವೋ ಎಂಬಂತೆ ಹುಟ್ಟಿದ ಕೃತಿ ‘ಟ್ರಾಪಿಕೋ’.

ಇದು ಕಂಪ್ಯೂಟರಿನ ತೆರೆಯ ಮೇಲೆ ಆಡುವ ಆಟ. ಅಮೆರಿಕದ ಮಿಸೂರಿ ಸಂಸ್ಥಾನದಲ್ಲಿದ್ದ ಪಾಪ್‌ಟಾಪ್ ಸಾಫ್ಟ್‌ವೇರ್ ಎಂಬ ಚಿಕ್ಕ ಸಂಸ್ಥೆ, ಫಿಲ್ ಸ್ಟೈನ್‌ಮೈಯರನ ನಾಯಕತ್ವದಲ್ಲಿ, ರಚಿಸಿದ ಇದು 2001ರಲ್ಲಿ ಪ್ರಕಟವಾಯಿತು. ಮುಂದೆ ಇದರ ಪರಂಪರೆ ಯೂರೋಪಿಗೆ ಸಾಗಿತು. ಮೂರನೆಯ, ನಾಲ್ಕನೆಯ, ಐದನೆಯ ಭಾಗಗಳನ್ನು ಬಲ್ಗೇರಿಯದ ಹೇಮಿಮಾಂಟ್ ಸಂಸ್ಥೆಯವರು 2009, 2011, 2014ರಲ್ಲಿಯೂ, ಆರನೆಯದನ್ನು ಜರ್ಮನಿಯ ಲಿಂಬಿಕ್ ಸಂಸ್ಥೆಯವರು 2019ರಲ್ಲಿಯೂ ಹೊರತಂದರು. ನಗರವನ್ನು ಕಟ್ಟುವ ಆಟಗಳು ಇದಕ್ಕೆ ಮುಂಚೆಯೂ ಇದ್ದುವು. 1989ರಲ್ಲಿ ವಿಲ್ ರೈಟನು ರಚಿಸಿದ ‘ಸಿಮ್‌ಸಿಟಿ’ ಅವುಗಳಲ್ಲಿ ಪ್ರಖ್ಯಾತವಾದುದು. ಆದರೆ ಅಲ್ಲಿ ಜನರೆಂದರೆ ಒಂದು ಸಂಖ್ಯೆ ಮಾತ್ರ. ‘ಟ್ರಾಪಿಕೋ’ದಲ್ಲಿ ಆಟಗಾರನು ‘ಎಲ್ ಪ್ರೆಸಿಡೆಂಟೆ’, ಅಂದರೆ ಅಧ್ಯಕ್ಷನೆಂಬ ಬಿರುದು ಹೊತ್ತು ಕೆರಿಬಿಯನ್ ಸಮುದ್ರದ ಕಲ್ಪಿತ ದ್ವೀಪವೊಂದನ್ನು 1950ರಿಂದ ಮೊದಲುಮಾಡಿ ಆಳತಕ್ಕವನು. ಅಲ್ಲಿನ ಪ್ರಜೆಗಳಲ್ಲಿ ಒಬ್ಬೊಬ್ಬರಿಗೂ ಹೆಸರು, ವಯಸ್ಸು, ಕುಟುಂಬ, ಕಸುಬು, ಆಸೆಗಳು ಉಂಟು.

ಕಾವ್ಯವನ್ನೋ ನಾಟಕವನ್ನೋ ತೂಗುವ ತಕ್ಕಡಿಯಿಂದ ಆಟವನ್ನು ತೂಗುವುದು ಸರಿಯೆ ಎಂದು ಕೆಲವರು ಶಂಕಿಸಬಹುದು. ನಾಟಕದಲ್ಲಿ ಪಾತ್ರದ ನಡತೆಯನ್ನು ಕವಿಯೇ ನಿಶ್ಚಯಿಸುತ್ತಾನೆ. ಆಟದಲ್ಲಿ ರಚನಕಾರನು ನಿಯಮಗಳನ್ನು ಮಾತ್ರ ಇಡುತ್ತಾನೆ, ನಡತೆಯನ್ನು ತುಂಬುವವನು ಆಟಗಾರ. ಆದುದರಿಂದ ಇಲ್ಲಿ ವಿಮರ್ಶಕನು ಕೇಳಬೇಕಾದುದು ಪಾತ್ರವು ಏನು ಹೇಳಿತು ಎಂಬುದನ್ನಲ್ಲ. ನಿಯಮವು ಯಾವುದಕ್ಕೆ ಫಲವನ್ನು ಕೊಡುತ್ತದೆ, ಯಾವುದಕ್ಕೆ ದಂಡವನ್ನು ವಿಧಿಸುತ್ತದೆ, ಯಾವುದನ್ನು ಕಾಣದಂತೆ ಬಿಟ್ಟುಬಿಡುತ್ತದೆ ಎಂಬುದನ್ನು.

ಮೊದಲು ಆಟದ ನಡೆಯನ್ನು ನೋಡಬಹುದು. ದ್ವೀಪದಲ್ಲಿ ಒಂದು ಅರಮನೆ, ಒಂದು ಹಡಗುಕಟ್ಟೆ, ಕೆಲವು ಹೊಲಗಳು, ಒಂದಿಷ್ಟು ಜನ. ಜೋಳ, ಬಾಳೆ, ಕಬ್ಬು, ಹೊಗೆಸೊಪ್ಪು, ಕಾಫಿ, ಇವುಗಳಲ್ಲಿ ಯಾವುದನ್ನು ಎಲ್ಲಿ ಬೆಳೆಯಬೇಕೆಂಬುದನ್ನು ಅಧ್ಯಕ್ಷನು ನಿರ್ಣಯಿಸಬೇಕು. ಕಬ್ಬನ್ನು ಹಾಗೆಯೇ ಮಾರಿದರೆ ಅಲ್ಪ ಲಾಭ. ಅದನ್ನು ರಮ್ ಮದ್ಯವಾಗಿ ಇಳಿಸಿ ಮಾರಿದರೆ ಲಾಭ ಹೆಚ್ಚು. ಆದರೆ ಭಟ್ಟಿಯಲ್ಲಿ ಕೆಲಸಮಾಡುವುದಕ್ಕೆ ಓದು ಕಲಿತವರು ಬೇಕು, ಓದಿಗೆ ಶಾಲೆ ಬೇಕು, ಶಾಲೆಗೆ ಹಣ ಬೇಕು. ಹೊಲದಿಂದ ಹಡಗುಕಟ್ಟೆಗೆ ಮಾಲನ್ನು ಹೊರುವವರು ಸಾಲದಿದ್ದರೆ ಬೆಳೆದ ಬೆಳೆಯೆಲ್ಲ ಹೊಲದಲ್ಲಿಯೇ ರಾಶಿಯಾಗಿ ಉಳಿಯುತ್ತದೆ, ಬೊಕ್ಕಸವು ಬರಿದಾಗುತ್ತದೆ. ಮನೆಯಿಲ್ಲದವರು ತಾವಾಗಿಯೇ ಗುಡಿಸಲು ಹಾಕಿಕೊಳ್ಳುತ್ತಾರೆ. ಕೆಲಸಗಾರನು ಮನೆಯಿಂದ ಕಾರ್ಖಾನೆಗೂ ಅಲ್ಲಿಂದ ಸಂತೆಗೂ ಇಗರ್ಜಿಗೂ ನಿಜವಾಗಿಯೇ ಕಾಲ್ನಡೆಯಲ್ಲಿ ಹೋಗುವುದರಿಂದ, ಮನೆಯನ್ನು ದೂರದಲ್ಲಿ ಕಟ್ಟಿಸಿದ ಅಧ್ಯಕ್ಷನು ತನ್ನ ಅವಿವೇಕದ ಬೆಲೆಯನ್ನು ದುಡಿಮೆಯ ಹೊತ್ತಿನಲ್ಲಿ ತೆರಬೇಕಾಗುತ್ತದೆ. ಕೂಲಿ ಎಷ್ಟು, ಬಾಡಿಗೆ ಎಷ್ಟು ಎಂಬುದನ್ನು ಗೊತ್ತುಮಾಡುವವನೂ ಅವನೇ. ಆಳುವುದೆಂದರೆ ಆಜ್ಞೆ ಮಾಡುವುದಲ್ಲ, ಒಂದು ಕೊರತೆಯನ್ನು ಇನ್ನೊಂದಕ್ಕೆ ಎದುರಾಗಿ ತೂಗುವುದು ಎಂಬ ಪಾಠವನ್ನು ಈ ಭಾಗವು ಉಪದೇಶದ ಒಂದು ಮಾತೂ ಇಲ್ಲದೆ ಕಲಿಸುತ್ತದೆ.

ಇದರ ಮೇಲೆ ರಾಜಕಾರಣದ ಹೊರೆ ಬೀಳುತ್ತದೆ. ದ್ವೀಪದಲ್ಲಿ ಬಂಡವಾಳದ ಪಕ್ಷದವರು, ಸಾಮ್ಯವಾದಿಗಳು, ಧಾರ್ಮಿಕರು, ಸೈನಿಕವರ್ಗದವರು, ವಿದ್ಯಾವಂತರು, ಪ್ರಕೃತಿಯ ರಕ್ಷಕರು ಎಂಬ ಪಂಗಡಗಳಿವೆ. ಒಬ್ಬರ ಮೆಚ್ಚುಗೆ ಇನ್ನೊಬ್ಬರ ಮುನಿಸು. ಹೊರಗೆ ಅಮೆರಿಕ ಮತ್ತು ಸೋವಿಯತ್ ರಷ್ಯಗಳು ಸಹಾಯದ್ರವ್ಯವನ್ನು ಹಿಡಿದು ನಿಂತಿರುತ್ತವೆ. ಇವರಲ್ಲಿ ಒಬ್ಬರನ್ನು ಅತಿಯಾಗಿ ಕೆಣಕಿದರೆ ತೀರದಲ್ಲಿ ಯುದ್ಧನೌಕೆ ಕಾಣಿಸಿಕೊಳ್ಳುತ್ತದೆ. ಇದು ಬರಿಯ ಕಲ್ಪನೆಯಲ್ಲ. ಗ್ವಾಟೆಮಾಲದಲ್ಲಿ 1952ರಲ್ಲಿ ಭೂಸುಧಾರಣೆಯ ಶಾಸನವನ್ನು ತಂದು, ಯುನೈಟೆಡ್ ಫ್ರೂಟ್ ಕಂಪೆನಿಯ ಪಾಳುಭೂಮಿಗೂ ಕೈಹಾಕಿದ ಅಧ್ಯಕ್ಷ ಹಕೋಬೋ ಆರ್ಬೆನ್ಸನು, 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಬೆಂಬಲದಿಂದ ನಡೆದ ದಂಗೆಯಲ್ಲಿ ಪದವಿಯನ್ನು ಕಳೆದುಕೊಂಡನು. ಆ ಕಾಲದ ಚಿಕ್ಕ ರಾಜ್ಯಗಳ ಇಕ್ಕಟ್ಟನ್ನು ಆಟವು ಸೂಕ್ಷ್ಮವಾಗಿ ಹಿಡಿದಿದೆ.

ಕೃತಿಯ ಹೃದಯವಿರುವುದು ಇಲ್ಲಿಯೆ. ಆಟಗಾರರಲ್ಲಿ ಅನೇಕರು ಧರ್ಮಿಷ್ಠರಾಗಿಯೇ ಆರಂಭಿಸುತ್ತಾರೆ. ಕೂಲಿಯನ್ನು ಹೆಚ್ಚಿಸುತ್ತಾರೆ, ಚಿಕಿತ್ಸಾಲಯವನ್ನು ಕಟ್ಟಿಸುತ್ತಾರೆ. ಅಷ್ಟರಲ್ಲಿ ಜನರು ಚುನಾವಣೆಯನ್ನು ಕೇಳುತ್ತಾರೆ. ವಸತಿಗೃಹಗಳು ಅರ್ಧಕ್ಕೆ ನಿಂತಿವೆ, ಶಾಲೆ ಇನ್ನೂ ಫಲ ಕೊಟ್ಟಿಲ್ಲ, ಮತದ ಒಲವು ಎದುರಾಳಿಯ ಕಡೆಗಿದೆ. ಸೋತರೆ ಆಟವೇ ಮುಗಿಯಿತು. ಆಗ ಆಟಗಾರನ ಮನಸ್ಸಿನಲ್ಲಿ ಒಂದು ಸಮಾಧಾನವು ತಾನಾಗಿ ಮೂಡುತ್ತದೆ: ಇದೊಂದು ಸಲ ಚುನಾವಣೆಯನ್ನು ಮುಂದೂಡಿದರೆ, ಇಲ್ಲವೇ ಎಣಿಕೆಯಲ್ಲಿ ಸ್ವಲ್ಪ ಕೈಯಾಡಿಸಿದರೆ, ಜನರ ಹಿತವೇ ಆಗುವುದಲ್ಲವೆ? ಮುಂದೂಡಿದುದರಿಂದ ಜನರ ಸ್ವಾತಂತ್ರ್ಯಭಾವನೆ ಕುಗ್ಗುತ್ತದೆ. ಮುನಿದವರಲ್ಲಿ ಕೆಲವರು ಕಾಡು ಸೇರಿ ಬಂಡಾಯಗಾರರಾಗುತ್ತಾರೆ. ಅವರನ್ನು ತಡೆಯಲು ಸೈನಿಕರು ಬೇಕು. ಸೈನಿಕರ ಸಂಬಳ ಕಡಿಮೆಯಾದರೆ ಅವರೇ ಅರಮನೆಯತ್ತ ತಿರುಗುತ್ತಾರೆ. ಸಂಬಳಕ್ಕೆಂದು ಚಿಕಿತ್ಸಾಲಯದ ಹಣ ಹೋಗುತ್ತದೆ. ಒಬ್ಬ ಸಜ್ಜನನು ಎಲ್ಲಿಯೂ ದುಷ್ಟನಾಗಲು ಸಂಕಲ್ಪಿಸದೆ, ಹೆಜ್ಜೆಹೆಜ್ಜೆಗೂ ಸಕಾರಣವಾಗಿ ನಡೆದು, ಕಡೆಗೆ ನಿರಂಕುಶನಾಗಿ ನಿಲ್ಲುವ ಈ ಪರಿಣಾಮವನ್ನು ಕಾದಂಬರಿಯಲ್ಲಿ ಓದಿದವನು ನಾಯಕನನ್ನು ಆಕ್ಷೇಪಿಸಿ ಪುಸ್ತಕವನ್ನು ಮುಚ್ಚಬಹುದು. ಇಲ್ಲಿ ಆಕ್ಷೇಪಿಸತಕ್ಕವನಾರು? ಕಾರಣಗಳನ್ನು ಹೂಡಿದ ಬುದ್ಧಿ ಆಟಗಾರನದೇ. ಈ ಆತ್ಮಪರೀಕ್ಷೆಗೆ ಎಡೆಮಾಡಿಕೊಟ್ಟಿರುವುದು ಈ ಕೃತಿಯ ಶ್ರೇಷ್ಠ ಗುಣ.

ಆದರೆ ಕೃತಿಯು ಲೋಕದಲ್ಲಿ ಪ್ರಸಿದ್ಧವಾಗಿರುವುದು ಈ ಗುಣದಿಂದಲ್ಲ, ಅದರ ಹಾಸ್ಯದಿಂದ. ಅಧ್ಯಕ್ಷನಿಗೆ ಕುಡುಕ, ಜೂಜುಕೋರ ಮೊದಲಾದ ದೋಷಗಳನ್ನು ಆರಿಸಿಕೊಡಬಹುದು. ಕಟ್ಟಡದ ಅನುಮತಿಯ ನೆಪದಲ್ಲಿ ಪ್ರತಿಯೊಂದು ಖರ್ಚಿನಲ್ಲಿಯೂ ಪಾಲು ಹೊಡೆದು ಸ್ವಿಟ್ಜರ್ಲೆಂಡಿನ ಬ್ಯಾಂಕಿನಲ್ಲಿ ಗುಪ್ತನಿಧಿಯನ್ನು ಕೂಡಿಡಬಹುದು. ಮೂರನೆಯ ಭಾಗದಲ್ಲಿ ಅರಮನೆಯ ಮೊಗಸಾಲೆಯಿಂದ ಭಾಷಣ ಮಾಡಿಸಬಹುದು, ಸರ್ಕಾರದ ರೇಡಿಯೋದವನ ಮುಖಸ್ತುತಿಯನ್ನು ಕೇಳಬಹುದು. ಹಿನ್ನೆಲೆಯಲ್ಲಿ ಕೆರಿಬಿಯನ್ ನಾಡಿನ ಕುಣಿಸುವ ಸಂಗೀತ. ಇವೆಲ್ಲ ರಂಜಕವೆಂಬುದರಲ್ಲಿ ಸಂದೇಹವಿಲ್ಲ. ಹಾಸ್ಯರಸಕ್ಕೆ ವಿಕೃತಿಯೇ ಮೂಲವೆಂದು ಆಲಂಕಾರಿಕರು ಹೇಳಿರುವುದು ಇಲ್ಲಿಗೆ ಸಲ್ಲುತ್ತದೆ. ಆದರೆ ಹಾಸ್ಯದಲ್ಲಿ ಎರಡು ಬಗೆಯುಂಟು: ದುಷ್ಟತನವನ್ನು ಬೆತ್ತಲೆಗೊಳಿಸುವ ಹಾಸ್ಯ ಒಂದು, ಅದಕ್ಕೆ ಬಣ್ಣದ ಅಂಗಿ ತೊಡಿಸುವ ಹಾಸ್ಯ ಇನ್ನೊಂದು. ನಿಯಮಗಳಲ್ಲಿ ಅಡಗಿರುವ ಹಾಸ್ಯ ಮೊದಲನೆಯ ಬಗೆಯದು. ಮಾತಿನಲ್ಲಿಯೂ ವೇಷದಲ್ಲಿಯೂ ಚೆಲ್ಲಿರುವ ಹಾಸ್ಯ ಎಷ್ಟೋ ವೇಳೆ ಎರಡನೆಯದು.

ಎರಡನೆಯ ಬಗೆಯಿಂದಾದ ಹಾನಿಯನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ತೊಂದರೆಕೊಡುವ ಪ್ರಜೆಯನ್ನು ಲಂಚದಿಂದ ಒಲಿಸಿಕೊಳ್ಳಬಹುದು, ಸೆರೆಗೆ ಹಾಕಬಹುದು, ಧರ್ಮದ್ರೋಹಿಯೆಂದು ಸಾರಿಸಬಹುದು, ಕೊಲ್ಲಿಸಬಹುದು. ಕೊಲ್ಲಿಸಿದರೆ ಹಣ ಖರ್ಚಾಗುತ್ತದೆ, ಸತ್ತವನ ಬಂಧುಗಳಿಗೆ ಅಧ್ಯಕ್ಷನ ಮೇಲಿನ ಗೌರವ ಇಳಿಯುತ್ತದೆ. ಬಂಧುಗಳ ದುಃಖವನ್ನು ನೆನೆದುದೇ ಒಂದು ವಿಶೇಷ. ಆದರೆ ಆ ದುಃಖಕ್ಕೆ ಅಂಕಿಯಲ್ಲದೆ ಬೇರೆ ರೂಪವಿಲ್ಲ, ಒಳ್ಳೆಯ ಮನೆಯೂ ಹೆಚ್ಚಿನ ಕೂಲಿಯೂ ಅದನ್ನು ತುಂಬಿಬಿಡಬಲ್ಲುವು. ಇತಿಹಾಸದ ದ್ವೀಪಗಳಲ್ಲಿ ಹೀಗಾಗಲಿಲ್ಲ. ಡೊಮಿನಿಕನ್ ಗಣರಾಜ್ಯವನ್ನು 1930ರಿಂದ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದ ರಫಾಯೆಲ್ ತ್ರುಹಿಯೋ, 1936ರಲ್ಲಿ ರಾಜಧಾನಿಗೇ ತನ್ನ ಹೆಸರನ್ನು ಇಡಿಸಿಕೊಂಡವನು. ಆ ಒಂದು ಸಂಗತಿಯನ್ನು ಕೇಳಿದರೆ ಆಟದ ವಿದೂಷಕ ಅಧ್ಯಕ್ಷನೇ ನೆನಪಾಗುತ್ತಾನೆ. ಆದರೆ ಮರುವರ್ಷವೇ ಅವನ ಆಜ್ಞೆಯಿಂದ ಗಡಿನಾಡಿನಲ್ಲಿ ಹೈಟಿಯ ಮೂಲದವರು ಸಾವಿರಾರು ಮಂದಿ ಹತರಾದರು. 1960ರ ನವೆಂಬರ್ 25ರಂದು, ಅವನನ್ನು ವಿರೋಧಿಸಿದ ಮೀರಾಬಾಲ್ ಮನೆತನದ ಮೂವರು ಸೋದರಿಯರನ್ನು, ಪಾತ್ರಿಯಾ, ಮಿನೆರ್ವಾ, ಮರೀಯಾ ತೆರೆಸಾ ಎಂಬವರನ್ನು, ಕೊಲ್ಲಿಸಿ ಮೋಟಾರು ಅಪಘಾತವೆಂದು ತೋರಿಸಲು ಯತ್ನಿಸಲಾಯಿತು. ಜನ ಅದನ್ನು ನಂಬಲಿಲ್ಲ. ಆರು ತಿಂಗಳು ಕಳೆದು 1961ರ ಮೇ 30ರಂದು ತ್ರುಹಿಯೋ ತಾನೇ ಗುಂಡಿಗೆ ಬಲಿಯಾದನು. 1999ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯು ಆ ನವೆಂಬರ್ 25ನ್ನು ಸ್ತ್ರೀಯರ ಮೇಲಣ ಹಿಂಸೆಯ ನಿವಾರಣೆಯ ದಿನವೆಂದು ಗೊತ್ತುಮಾಡಿತು. ಸತ್ತವರು ಲೆಕ್ಕದಿಂದ ಜಾರಿಹೋಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಆಟವು ಬದುಕಿರುವವರ ಲೆಕ್ಕವನ್ನು ಚೆನ್ನಾಗಿ ಇಡುತ್ತದೆ, ಸತ್ತವರ ಲೆಕ್ಕವನ್ನು ಇಡಲಾರದು.

ಎರಡನೆಯ ಕೊರತೆ ನೆಲಕ್ಕೆ ಸಂಬಂಧಿಸಿದುದು. ಅಧ್ಯಕ್ಷನಿಗೆ ದೊರಕುವ ದ್ವೀಪ ಹಸುರಾಗಿ, ನಿರ್ಮಲವಾಗಿ, ನೆನಪಿಲ್ಲದೆ ಇರುತ್ತದೆ. ಕಬ್ಬಿನ ಹೊಲವೆಂದರೆ ಅಲ್ಲಿ ಒಂದು ಆದಾಯದ ಮೂಲ ಮಾತ್ರ. ಕೆರಿಬಿಯನ್ ದ್ವೀಪಗಳಲ್ಲಿ ಕಬ್ಬು ಹಾಗೆ ಬೆಳೆದುದಲ್ಲ. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರ ಬೆನ್ನಿನ ಮೇಲೆ ಅದು ಬೆಳೆಯಿತು. ಹೈಟಿಯ ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದರು. ಕ್ಯೂಬದಲ್ಲಿ ಗುಲಾಮಗಿರಿ ಕೊನೆಗಂಡುದು 1886ರಲ್ಲಿ. ಬ್ರಿಟಿಷರ ದ್ವೀಪಗಳಲ್ಲಿ ಗುಲಾಮರು ಬಿಡುಗಡೆಯಾದ ಬಳಿಕ ಕಬ್ಬಿನ ತೋಟಗಳಿಗೆ ಆಳುಗಳನ್ನು ಕರಾರಿನ ಮೇಲೆ ಭರತಖಂಡದಿಂದ ಒಯ್ದರು. ಟ್ರಿನಿಡಾಡಿಗೆ ಅಂತಹ ಮೊದಲನೆಯ ಹಡಗು ಮುಟ್ಟಿದುದು 1845ರಲ್ಲಿ. ಭಾರತೀಯನೊಬ್ಬನು ಈ ಆಟವನ್ನು ಆಡುವಾಗ ಕಬ್ಬಿನ ಹೊಲದ ಚಿತ್ರದ ಹಿಂದೆ ತನ್ನ ದೇಶದವರೂ ನಿಂತಿದ್ದಾರೆಂಬುದನ್ನು ಮರೆಯಲಾಗದು. 1950ರಿಂದ ಆರಂಭವಾಗುವ ಕಥೆಗೆ ಹಿಂದಿನದೇಕೆ ಎನ್ನಬಹುದು. ಆದರೆ ಭೂಮಿ ಯಾರದೆಂಬ ಪ್ರಶ್ನೆಯಿಂದಲೇ ಆ ನಾಡುಗಳ ಕ್ರಾಂತಿಗಳು ಹುಟ್ಟಿದುವು. ಐದನೆಯ ಭಾಗದಲ್ಲಿ ವಸಾಹತಿನ ಯುಗವನ್ನೂ ಸೇರಿಸಿದ್ದಾರೆ. ಅಲ್ಲಿಯೂ ಕಥೆಯ ಎಳೆ ರಾಜನಿಗೂ ಅವನು ಕಳುಹಿಸಿದ ಅಧಿಕಾರಿಗೂ ನಡೆಯುವ ಜಗ್ಗಾಟವಾಗಿಯೇ ಉಳಿದಿದೆ.

ಉತ್ತರದ ಭಾಗಗಳಲ್ಲಿ ವಿಸ್ತಾರ ಹೆಚ್ಚಿತು, ಸಾಂದ್ರತೆ ಹೆಚ್ಚಿತೆಂದು ಹೇಳುವಂತಿಲ್ಲ. ಐದನೆಯದರಲ್ಲಿ ಅಧ್ಯಕ್ಷನಿಗೆ ವಂಶವೊಂದು ಬಂದಿತು. ಆರನೆಯದರಲ್ಲಿ ಒಂದು ದ್ವೀಪವು ದ್ವೀಪಸಮೂಹವಾಗಿ, ಪರದೇಶಗಳ ಪ್ರಸಿದ್ಧ ಸ್ಮಾರಕಗಳನ್ನು ಕದ್ದು ತರುವ ವಿನೋದವೂ ಕೂಡಿಕೊಂಡಿತು. ವೇಷ ಬೆಳೆದಷ್ಟೂ ಕಟಕಿಯ ಮೊನೆ ಮೊಂಡಾಯಿತು.

ಆದರೂ ಆ ಮೊನೆ ಪೂರ್ಣವಾಗಿ ಸವೆದಿಲ್ಲವೆಂಬುದನ್ನು ತೋರಿಸಿಕೊಟ್ಟವರು ವಿಮರ್ಶಕರಲ್ಲ, ಒಂದು ಸರ್ಕಾರದವರು. ಥೈಲೆಂಡಿನಲ್ಲಿ 2014ರ ಮೇ ತಿಂಗಳಲ್ಲಿ ಸೈನ್ಯವು ಅಧಿಕಾರವನ್ನು ಕಿತ್ತುಕೊಂಡಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಅಲ್ಲಿನ ಅಧಿಕಾರಿಗಳು ‘ಟ್ರಾಪಿಕೋ’ ಐದನೆಯ ಭಾಗದ ಮಾರಾಟವನ್ನು, ದೇಶದ ಶಾಂತಿಗೆ ಭಂಗವಾಗಬಹುದೆಂಬ ಕಾರಣದಿಂದ, ನಿಷೇಧಿಸಿದರು. ಆಟವು ನಗೆಯ ಸರಕೆಂದು ತಳ್ಳಿಹಾಕುವವರು ಇದನ್ನು ಯೋಚಿಸತಕ್ಕದ್ದು. ಅಧ್ಯಕ್ಷನ ಟೋಪಿಯನ್ನೋ ಚುಟ್ಟವನ್ನೋ ಕಂಡು ಯಾವ ಸೇನಾಧಿಪತಿಯೂ ಹೆದರಲಾರನು. ಚುನಾವಣೆಯನ್ನು ಮುಂದೂಡುವ ಕೈ ಯಾವ ಕಾರಣಗಳನ್ನು ಹೇಳಿಕೊಳ್ಳುತ್ತದೆಂಬುದನ್ನು ಸಾಮಾನ್ಯ ಜನರು ಮನೆಯಲ್ಲಿ ಕುಳಿತು ಕಲಿತುಬಿಟ್ಟರೆ, ಹೆದರಿಕೆಗೆ ಅವಕಾಶವುಂಟು.

ಒಟ್ಟಿನಲ್ಲಿ ‘ಟ್ರಾಪಿಕೋ’ ಗುಣದೋಷಗಳೆರಡರಲ್ಲಿಯೂ ಗಮನಾರ್ಹವಾದ ಕೃತಿ. ಮನೆಗಳಲ್ಲಿ ಮಕ್ಕಳು ಇದನ್ನು ಆಡುತ್ತಿದ್ದರೆ ಹಿರಿಯರು ಕಾಲಹರಣವೆಂದು ಗದರಿಸುವುದಕ್ಕೆ ಮುಂಚೆ ಒಂದು ಗಳಿಗೆ ಪಕ್ಕದಲ್ಲಿ ಕುಳಿತು ನೋಡಬಹುದು. ತೆರೆಯ ಮೇಲೆ ಓಡಾಡುವ ಒಬ್ಬ ಹಮಾಲನ ಮೇಲೆ ಬೆರಳೊತ್ತಿದರೆ ಅವನ ಹೆಸರು, ಅವನ ಮನೆ, ಅವನ ಮನಸ್ಸಿನಲ್ಲಿರುವ ಮಾತು ಕಾಣಿಸುತ್ತದೆ. ಎಷ್ಟೋ ಆಟಗಾರರು ಅಧಿಕಾರದ ಭರದಲ್ಲಿ ಹಾಗೆ ಒತ್ತಿ ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಹುಡುಗನು ಕಡೆಯ ಸಲ ಯಾವಾಗ ಒತ್ತಿ ನೋಡಿದನೆಂದು ವಿಚಾರಿಸುವುದು ಹಿರಿಯರಿಗೆ ಉಚಿತವಾದ ಪ್ರಶ್ನೆ.