ಹದಿನೇಳನೆಯ ವಿಧಿ ಮತ್ತು ಪಕ್ಕದ ತಾಲ್ಲೂಕು

ಹಾನಗಲ್ಲ ತಾಲ್ಲೂಕಿನ ಆಡೂರಿನಲ್ಲಿ ನಮ್ಮ ತಂಗಿಯ ಮನೆ. ಪರೀಕ್ಷೆ ಹತ್ತಿರ ಬಂದಿದ್ದ ಒಂದು ಸಂಜೆ ಅವಳ ಮಗಳು ಪಡಸಾಲೆಯಲ್ಲಿ ಕುಳಿತು ಹತ್ತನೆಯ ತರಗತಿಯ ಸಮಾಜ ವಿಜ್ಞಾನವನ್ನು ಗಟ್ಟಿಯಾಗಿ ಓದುತ್ತಿದ್ದಳು. ಸಾಮಾಜಿಕ ಸ್ತರವಿನ್ಯಾಸದ ಪಾಠ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸುತ್ತದೆ. 1955ರಲ್ಲಿ ಕಾಯ್ದೆ ಬಂತು. 1976ರಲ್ಲಿ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. ಒಂದು ಇಸವಿಯೂ ತಪ್ಪಲಿಲ್ಲ. ಪೂರ್ವಗ್ರಹ ಎಂದರೇನು ಎಂದು ಕೇಳಿದೆವು. ಅದಕ್ಕೂ ಉತ್ತರ ಸಿದ್ಧವಿತ್ತು. ಪಕ್ಕದ ಮುಂಡಗೋಡ ತಾಲ್ಲೂಕಿನ ಸಿದ್ದಿಗಳು ಗೊತ್ತೇನು ಎಂದೆವು. ಹುಡುಗಿ ನಕ್ಕಳು. ಅವರ ಬಣ್ಣ, ಕೂದಲಿನ ಬಗ್ಗೆ ಇಲ್ಲಿ ಬರೆಯಲಾಗದ ಒಂದು ಮಾತು ಆಡಿದಳು. "ಅದು ಸಿಲೆಬಸ್ಸಿನಾಗ ಇಲ್ಲ ಮಾಮೂ" ಎಂದು ಮತ್ತೆ ಪುಸ್ತಕಕ್ಕೆ ಬಗ್ಗಿದಳು.

ಅವಳನ್ನು ಗದರಿಸಲು ನಮಗೆ ಬಾಯಿ ಬರಲಿಲ್ಲ. ನಾವು ಉರ್ದು ಶಾಲೆಯಲ್ಲಿದ್ದಾಗ ಸಿದ್ದಿ ಹುಡುಗನೊಬ್ಬ ಕೆಲವು ತಿಂಗಳು ನಮ್ಮ ತರಗತಿಯಲ್ಲಿದ್ದ. ನಮ್ಮಂತೆಯೇ ದಖನಿ ಆಡುವವನು, ನಮ್ಮ ಜೊತೆಗೇ ಜುಮಾ ನಮಾಜಿಗೆ ನಿಲ್ಲುವವನು. ನಾವೆಲ್ಲ ಅವನನ್ನು 'ಹಬ್ಶಿ' ಎಂದೇ ಕರೆದೆವು. ಅದೇ ವರ್ಷ ನಮಗೆ ಹಜ್ರತ್ ಬಿಲಾಲ್(ರ)ರ ಪಾಠವಿತ್ತು. ಮಕ್ಕಾದ ಸುಡುಮರಳಿನ ಮೇಲೆ ಅವರನ್ನು ಮಲಗಿಸಿ ಎದೆಯ ಮೇಲೆ ಬಂಡೆ ಹೇರಿದ್ದನ್ನು ಮಾಸ್ತರರು ಹೇಳುವಾಗ ಕಣ್ಣಲ್ಲಿ ನೀರು ತುಂಬಿತ್ತು. ಬಿಡುವಿನ ಗಂಟೆ ಹೊಡೆದದ್ದೇ ತಡ, ಮತ್ತೆ "ಏ ಹಬ್ಶಿ!" ಬೇಸಿಗೆ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಯಾಕೆಂದು ನಾವು ವಿಚಾರಿಸಲೂ ಇಲ್ಲ.

ಆ ಪಾಠದಲ್ಲಿ ಹಿಂಸಿಸಿದವನು ಉಮಯ್ಯ. ಅವನು ಶತ್ರು, ನಮ್ಮವನಲ್ಲ. ಹೀಗಾಗಿ ನಾವೆಲ್ಲ ಸಲೀಸಾಗಿ ಬಿಲಾಲರ ಪಕ್ಷದಲ್ಲಿ ನಿಂತುಬಿಟ್ಟೆವು. ಇನ್ನೊಂದು ಪ್ರಸಂಗ ನಮ್ಮ ಪುಸ್ತಕದಲ್ಲಿರಲಿಲ್ಲ. ಪ್ರವಾದಿ(ಸ)ಯವರ ಆಪ್ತ ಸಂಗಾತಿ ಅಬೂ ಝರ್(ರ) ಒಮ್ಮೆ ಸಿಟ್ಟಿನಲ್ಲಿ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದರು. ಆ ಒಬ್ಬರು ಬಿಲಾಲರೇ, ಅಂದದ್ದು ಕರಿಯ ತಾಯಿಯ ಮಗನೆಂದು, ಎಂದು ಹೇಳುವ ಪರಂಪರೆಯಿದೆ. ಅಜ್ಞಾನಕಾಲದ ಗುಣ ನಿನ್ನಲ್ಲಿನ್ನೂ ಉಳಿದಿದೆ ಎಂಬರ್ಥದಲ್ಲಿ ಪ್ರವಾದಿ(ಸ) ಅವರನ್ನು ಎಚ್ಚರಿಸಿದರು. ಇಲ್ಲಿ ತಪ್ಪು ಮಾಡಿದವರು ನಮ್ಮ ಕಡೆಯವರು, ಅದೂ ನಾವು ಗೌರವಿಸುವವರು. ನಮ್ಮ ತರಗತಿಯಲ್ಲಿ ಓದಬೇಕಾಗಿದ್ದದ್ದು ಈ ಪ್ರಸಂಗವನ್ನು.

ಕನ್ನಡ ಪಠ್ಯಗಳ ಬಗೆಗೂ ನಮ್ಮ ತಕರಾರು ಇದೇ. ತಾರತಮ್ಯದ ಪಾಠಗಳು ಸಾಮಾನ್ಯವಾಗಿ ಆಚರಿಸಲಾಗುತ್ತಿತ್ತು, ದೂರವಿಡಲಾಗಿತ್ತು ಎಂಬ ಧಾಟಿಯಲ್ಲಿ ಸಾಗುತ್ತವೆ. ಆಚರಿಸಿದವರು ಯಾರು, ಯಾವ ಓಣಿಯವರು ಎಂಬುದು ವಾಕ್ಯದಲ್ಲಿ ಇರುವುದಿಲ್ಲ. ಸಂತರು ಬಂದು ಖಂಡಿಸುತ್ತಾರೆ, ಕಾಯ್ದೆ ಬಂದು ನಿಷೇಧಿಸುತ್ತದೆ, ಪಾಠ ಮುಗಿಯುತ್ತದೆ. ಬಾಡದ ಕನಕದಾಸರೂ ಶಿಶುನಾಳದ ಶರೀಫರೂ ನಮ್ಮ ಶಿಗ್ಗಾಂವಿ ತಾಲ್ಲೂಕಿನವರೇ. ನಮ್ಮ ಮಕ್ಕಳಿಗೆ ಅವರು ಭಾಷಣ ಸ್ಪರ್ಧೆಯ ವಿಷಯ. ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯ ಸರ್ಕಾರಿ ಶಾಲೆಯಲ್ಲಿ 2014ರಲ್ಲಿ ದಲಿತ ಮಹಿಳೆಯೊಬ್ಬರು ಬಿಸಿಯೂಟದ ಅಡುಗೆಗೆ ನಿಂತ ಮೇಲೆ ಪಾಲಕರು ಬಹುಪಾಲು ಮಕ್ಕಳನ್ನು ಬಿಡಿಸಿ ಬೇರೆ ಶಾಲೆಗಳಿಗೆ ಹಾಕಿದರು. ಆ ಬೇರೆ ಶಾಲೆಗಳಲ್ಲೂ 17ನೆಯ ವಿಧಿಯ ಪಾಠ ಇದ್ದೇ ಇತ್ತು. ಮಕ್ಕಳು ಯಾವುದನ್ನು ಕಲಿತಿರಬೇಕು, ಪಾಠವನ್ನೋ, ಟಿ.ಸಿ.ಯನ್ನೋ?

ಕತೆಗಾರರಾದ ನಮಗೆ ಕತೆಯ ಮೇಲೆ ಸ್ವಲ್ಪ ಹೆಚ್ಚು ಭರವಸೆಯಿರುವುದು ಸಹಜ. ಸಾರಾ ಅಬೂಬಕ್ಕರ್ ಅವರ 'ಯುದ್ಧ' ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿತ್ತು. 2022ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದರು, ಸರ್ಕಾರ ಬದಲಾದ ಮೇಲೆ 2023ರಲ್ಲಿ ಮರಳಿ ಸೇರಿಸಿದರು. ನಡುವೆ ಆ ವರ್ಷದ ಜನವರಿಯಲ್ಲಿ ಲೇಖಕಿ ತೀರಿಕೊಂಡಿದ್ದರು. ಗಾಯಗೊಂಡ ವೈದ್ಯನೊಬ್ಬ ಶತ್ರುನೆಲದ ಮುದುಕಿಯೊಬ್ಬಳ ಮನೆ ಸೇರುತ್ತಾನೆ; ಒಳಗೆ ಹೆರಿಗೆಯ ನೋವು. ಓದುವ ಮಗು ತನಗರಿವಿಲ್ಲದೆಯೇ ಅವನು ಸಿಕ್ಕಿಬೀಳದಿರಲಿ ಎಂದು ಬಯಸುತ್ತದೆ. ಯಾವ ಕಾಯ್ದೆಯ ಪಾಠವೂ ಮಾಡದ ಕೆಲಸವಿದು. ಆದರೆ ಯಾರ ಪಾಠ ಹೊರಗೆ, ಯಾರದು ಒಳಗೆ ಎಂದು ನಾಡೆಲ್ಲ ಜಗಳವಾಡಿದಾಗ, ಒಳಗಿದ್ದದ್ದು ತರಗತಿಯಲ್ಲಿ ಏನಾಗುತ್ತದೆ ಎಂದು ಕೇಳಿದವರು ಕಡಿಮೆ. ಅಲ್ಲಿ ಅದು ವೈದ್ಯನ ಹೆಸರೇನು ಎಂಬ ಒಂದು ಅಂಕದ ಪ್ರಶ್ನೆಯಾಗುತ್ತದೆ.

ಸಿದ್ದಿಗಳಿಗೆ ನಮ್ಮ ಪುಸ್ತಕಗಳು ಕೊಟ್ಟ ಜಾಗ ತೀರಾ ಸಣ್ಣದು. ಆಫ್ರಿಕಾ ಮೂಲದ ಈ ಜನ ತಲೆಮಾರುಗಳಿಂದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿಗಳೊಂದಿಗೆ ಚಿನುವಾ ಅಚಿಬೆಯ ಕಾದಂಬರಿಯನ್ನು 'ಕಪ್ಪು ಜನ ಕೆಂಪು ನೆರಳು' ಎಂದು ರಂಗಕ್ಕೆ ತಂದರು. ನೆಲ್ಸನ್ ಮಂಡೇಲಾ ಅವರ ಸೆರೆವಾಸದ ವರ್ಷಗಳನ್ನು ಎಣಿಸಬಲ್ಲ ನಮ್ಮ ಮಕ್ಕಳಿಗೆ ಇದು ಗೊತ್ತಿಲ್ಲ. ಇನ್ನು ಸಿದ್ದಿ ಮುಸ್ಲಿಮರ ಮನೆಗೆ ಹೆಣ್ಣು ಕೊಡುವ ಮಾತು ಬಂದಾಗ, ಕರಿಯನಿಗಿಂತ ಬಿಳಿಯ ಮೇಲಲ್ಲ ಎಂಬ ಪ್ರವಾದಿ(ಸ)ಯವರ ಕೊನೆಯ ಹಜ್ಜಿನ ಪ್ರವಚನ ನಮ್ಮ ಹಿರಿಯರಲ್ಲಿ ಎಷ್ಟು ಜನರಿಗೆ ನೆನಪಾಗುತ್ತದೆ?

ಆ ರಾತ್ರಿ ಊಟವಾದ ಮೇಲೆ ಸೋದರ ಸೊಸೆಗೆ ನಮ್ಮ ತರಗತಿಯ ಆ ಹುಡುಗನ ಸಂಗತಿ ಹೇಳಿದೆವು, ಏನನ್ನೂ ಮುಚ್ಚಿಡದೆ. ಈ ಸಲ ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಹೆಸರೇನಿತ್ತು ಮಾಮೂ?" ಎಂದು ಕೇಳಿದಳು. ನಾವು ನೆನಪು ಮಾಡಿಕೊಳ್ಳಲು ನೋಡಿದೆವು. ಹಾಜರಿ ಕರೆಯುವ ಮಾಸ್ತರರ ದನಿ ನೆನಪಾಯಿತು, ಅವನು ಕೂರುತ್ತಿದ್ದ ಕಿಟಕಿಯ ಮೂಲೆ ನೆನಪಾಯಿತು. ಹೆಸರು ನೆನಪಾಗಲಿಲ್ಲ.