ಸೂತ್ರದ ಗೊಂಬೆಯ ಜೀರ್ಣೋದ್ಧಾರ

ನಾಟಕದ ಪಾಠ ಹೇಳುವ ನಮ್ಮಂಥವರಿಗೆ ‘ಸೂತ್ರಧಾರ’ ಎಂಬ ಶಬ್ದ ಬಹಳ ಪ್ರಿಯವಾದುದು. ಸೂತ್ರವನ್ನು ಹಿಡಿದವನು ಸೂತ್ರಧಾರ. ಆದುದರಿಂದ ನಾಟಕಕ್ಕೂ ಹಿಂದಿನದು ಗೊಂಬೆಯಾಟ, ಅದರ ತವರು ಭಾರತ ಎಂದು ಜರ್ಮನಿಯ ಸಂಸ್ಕೃತ ಪಂಡಿತ ಪಿಶೆಲ್ 1900ರಲ್ಲಿ ವಾದಿಸಿದ. ಅಲ್ಲ, ಇಲ್ಲಿಯ ಸೂತ್ರ ಶಿಲ್ಪಿಯ ಅಳತೆಯ ದಾರ ಎನ್ನುವವರೂ ಇದ್ದಾರೆ. ಈ ಎರಡು ಪಕ್ಷಗಳನ್ನೂ ಕರಿಹಲಗೆಯ ಮೇಲೆ ಬರೆದು ಹದಿನೆಂಟು ವರ್ಷ ವಿದ್ಯಾರ್ಥಿಗಳಿಂದ ಟಿಪ್ಪಣಿ ಬರೆಯಿಸಿದ್ದೇನೆ. ಅಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಆ ದಾರವನ್ನು ಕೈಯಿಂದ ಮುಟ್ಟಿ ನೋಡಿರಲಿಲ್ಲ. ಮುಟ್ಟುವ ಪ್ರಸಂಗ ಕಳೆದ ವರ್ಷ ಬಂತು. ಬಂದದ್ದು ಒಂದು ತಪ್ಪಿನ ಮೂಲಕ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ನಮ್ಮ ವಿಭಾಗದ ಬೀರುವಿನಲ್ಲಿ, ಓಲೆಗರಿಗಳ ಕಟ್ಟಿನ ಪಕ್ಕದಲ್ಲಿ, ಒಂದೂವರೆ ಅಡಿ ಎತ್ತರದ ಮರದ ಗೊಂಬೆಯೊಂದು ಬಹುಕಾಲದಿಂದ ಮಲಗಿತ್ತು. ಕುಂದಾಪುರದ ಕಡೆಯದು. ತಲೆಯ ಮೇಲೆ ಕೇದಗೆ ಮುಂದಲೆ ಇದ್ದುದರಿಂದ ನಮ್ಮಲ್ಲಿ ಯಾರೋ ಅದಕ್ಕೆ ‘ಅಭಿಮನ್ಯು’ ಎಂದು ಚೀಟಿ ಅಂಟಿಸಿದ್ದರು. ದಾರಗಳೆಲ್ಲ ಕೊಳೆತು ಹರಿದಿದ್ದವು; ಎಡಪಾದ ಮುರಿದು ಎಲ್ಲಿಯೋ ಕಳೆದುಹೋಗಿತ್ತು; ಮುಖದ ಬಣ್ಣ ಕೆನ್ನೆಯ ಮೇಲೆ ಹಕ್ಕಳೆಯಾಗಿ ಎದ್ದಿತ್ತು. ವಿಭಾಗದ ಉತ್ಸವ ಹತ್ತಿರವಾದಾಗ, ಇದನ್ನು ರಿಪೇರಿ ಮಾಡಿಸಿ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸೋಣವೆಂದು ಸೂಚಿಸಿದವನು ನಾನೇ. ಪಟ್ಟಣದಲ್ಲಿ ಹಳೆಯ ಮರದ ಸಾಮಾನುಗಳನ್ನು ಹೊಸದು ಮಾಡಿಕೊಡುವ ಒಬ್ಬರಿಗೆ ಒಪ್ಪಿಸಿದೆವು. ಮೂರು ವಾರದಲ್ಲಿ ಗೊಂಬೆ ಮರಳಿ ಬಂದಾಗ ಮಿರಮಿರನೆ ಮಿಂಚುತ್ತಿತ್ತು. ಹೊಸ ಪಾದ, ಹೊಸ ನೈಲಾನ್ ದಾರ, ಮುಖಕ್ಕೆ ಎನಾಮೆಲ್ ಬಣ್ಣ. ಹುಬ್ಬು ಕೊಂಚ ದಪ್ಪನಾಯಿತೆನ್ನಿಸಿದರೂ, ‘ಬಹಳ ಚೆನ್ನಾಗಿದೆ’ ಎಂದು ಹೇಳಿಯೇ ಬಿಲ್ಲಿಗೆ ರುಜು ಹಾಕಿದೆ.

ಉತ್ಸವಕ್ಕೆ ಬಂದವರಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜನೂ ಇದ್ದರು. ಬಾಲ್ಯದಿಂದ ಗೊಂಬೆಯಾಡಿಸಿದವರು, ಈಗ ಕಣ್ಣು ಮಂದವಾಗಿ ಮಗನ ಮನೆ ಸೇರಿದ್ದಾರೆ. ಪೆಟ್ಟಿಗೆಯನ್ನು ತೆರೆಯಿಸಿ, ದಾರಗಳನ್ನು ಕಟ್ಟಿದ್ದ ಮರದ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದು, ಗೊಂಬೆಯನ್ನು ಮೇಜಿನ ಮೇಲೆ ನಾಲ್ಕು ಹೆಜ್ಜೆ ಹಾಕಿಸಿದರು. ಹಾಕಿಸಲು ನೋಡಿದರು ಎಂದರೆ ಸರಿಯಾದೀತು. ಆಮೇಲೆ ಮೆಲ್ಲನೆ, “ಇದು ಕುಣಿಯುವುದಿಲ್ಲ ಮಾಷ್ಟ್ರೇ, ನೇತಾಡುತ್ತದೆ” ಎಂದರು.

ನನಗೆ ಆ ಮಾತು ಒಂದು ವಿಮರ್ಶೆಯ ವಾಕ್ಯವಾಗಿ ಕೇಳಿಸಿತು. ಕುಣಿಯುವುದಕ್ಕೂ ನೇತಾಡುವುದಕ್ಕೂ ಇರುವ ಅಂತರ ಯಾವುದು? ಎರಡರಲ್ಲಿಯೂ ಮರ ಅದೇ, ದಾರದ ಸಂಖ್ಯೆ ಅದೇ.

ಸೂತ್ರದ ಗೊಂಬೆ ಎಂದೊಡನೆ ಎಲ್ಲವೂ ಒಂದೇ ಬಗೆಯೆಂದು ಭಾವಿಸುವುದುಂಟು. ರಾಜಸ್ಥಾನದ ಕಠಪುತಲಿಗೆ ಕಾಲೇ ಇಲ್ಲ. ಉದ್ದನೆಯ ಲಂಗ ನೆಲವನ್ನು ಗುಡಿಸುತ್ತ ಸಾಗುತ್ತದೆ. ಎರಡರಿಂದ ಐದು ದಾರ. ಅವನ್ನು ಆಡಿಸುವವನು ಬೆರಳಿಗೇ ಸುತ್ತಿಕೊಂಡಿರುತ್ತಾನೆ. ತಮಿಳುನಾಡಿನ ಬೊಮ್ಮಲಾಟದ ಗೊಂಬೆ ಇದಕ್ಕೆ ವಿರುದ್ಧ. ನಾಲ್ಕೂವರೆ ಅಡಿಯವರೆಗೂ ಎತ್ತರ, ಹತ್ತು ಕಿಲೋವರೆಗೂ ತೂಕ. ದಾರಗಳನ್ನು ಕಬ್ಬಿಣದ ಬಳೆಯೊಂದಕ್ಕೆ ಕಟ್ಟಿ, ಆಡಿಸುವವನು ಆ ಬಳೆಯನ್ನು ಕಿರೀಟದಂತೆ ತನ್ನ ತಲೆಯ ಮೇಲೆ ಧರಿಸುತ್ತಾನೆ. ಗೊಂಬೆಯ ಕೈಗಳನ್ನು ಕಂಬಿಗಳಿಂದ ಆಡಿಸುತ್ತಾನೆ. ನಮ್ಮ ಯಕ್ಷಗಾನದ ಗೊಂಬೆಯ ದಾರಿ ಬೇರೆ. ಹೆಗಲು, ಮೊಳಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು. ಐದರಿಂದ ಏಳು ದಾರ. ಅವುಗಳನ್ನೆಲ್ಲ ಕಟ್ಟುವುದಕ್ಕೆ ಒಂದು ಹಿಡಿಕೆ. ಈ ಕಲೆಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಉಪ್ಪಿನಕುದ್ರುವಿನ ಮನೆತನದ ಕೊಗ್ಗ ದೇವಣ್ಣ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದುದು ಅನೇಕರಿಗೆ ನೆನಪಿರಬಹುದು. ಅವರ ಮೇಳದ ಲಂಕಾದಹನವನ್ನು ನೋಡಿದವರು ಮೊದಲು ನೆನೆಯುವುದು ಬೆಂಕಿಯನ್ನು. ನಾನೂ ಹಾಗೆಯೇ ನೆನೆಯುತ್ತಿದ್ದೆ. ಈಗ ನೆನೆಯುವುದು ಕಾಲನ್ನು. ಯಕ್ಷಗಾನದ ವೇಷ ನೆಲವನ್ನು ಒದ್ದು ಕುಣಿಯುವ ವೇಷ. ಅದರ ಪ್ರತಿರೂಪವಾದ ಗೊಂಬೆಯೂ ನೆಲವನ್ನು ಒದೆಯಬೇಕು. ಆದರೆ ಗೊಂಬೆ ಇರುವುದು ಮೇಲಿನಿಂದ ತೂಗುಬಿಟ್ಟ ಸ್ಥಿತಿಯಲ್ಲಿ. ಈ ವಿರೋಧದಲ್ಲಿಯೇ ಈ ಕಲೆಯ ಜೀವವಿದೆ.

ಜರ್ಮನ್ ಕವಿ ಕ್ಲೈಸ್ಟ್ 1810ರಲ್ಲಿ ಸೂತ್ರದ ಗೊಂಬೆಗಳನ್ನು ಕುರಿತು ಒಂದು ಪುಟ್ಟ ಪ್ರಬಂಧ ಬರೆದ. ಗೊಂಬೆಯ ಭಾರಕೇಂದ್ರವೊಂದನ್ನು ನಡೆಸಿದರೆ ಸಾಕು, ಕೈಕಾಲುಗಳು ಲೋಲಕಗಳಂತೆ ತಾವಾಗಿಯೇ ಹಿಂಬಾಲಿಸುತ್ತವೆ ಎಂಬುದು ಅಲ್ಲಿಯ ಒಂದು ಮಾತು. ಮನುಷ್ಯ ನರ್ತಕನಿಗೆ ದಣಿವಾರಿಸಿಕೊಳ್ಳಲು ನೆಲ ಬೇಕು, ಗೊಂಬೆಗಾದರೋ ಸೋಕಿ ಹೋಗಲು ಮಾತ್ರ ಬೇಕು ಎಂಬುದು ಇನ್ನೊಂದು. ಪಶ್ಚಿಮದ ರಂಗಭೂಮಿಯಲ್ಲಿ ಗೊಂಬೆಯನ್ನು ಹೊಗಳಿದವರು ಬಹುಮಟ್ಟಿಗೆ ಈ ಭಾರವಿಲ್ಲದ ಗೊಂಬೆಯನ್ನೇ ಹೊಗಳಿದ್ದಾರೆ. ಮೊದಲಿನ ಮಾತನ್ನು ನಾನು ಒಪ್ಪುತ್ತೇನೆ. ಎರಡನೆಯದು ನಮ್ಮ ಗೊಂಬೆಗೆ ಸಲ್ಲುವುದಿಲ್ಲ. ನೆಲವನ್ನು ಬರಿದೇ ಸೋಕಿ ಹೋಗುವ ಅಭಿಮನ್ಯುವನ್ನು ಚಕ್ರವ್ಯೂಹಕ್ಕೆ ಕಳಿಸುವುದು ಹೇಗೆ? ಕ್ಲೈಸ್ಟನನ್ನು ಓದದೆಯೂ ನಮ್ಮ ರಿಪೇರಿಯವರು ಅವನ ಗೊಂಬೆಯನ್ನೇ ಮಾಡಿಕೊಟ್ಟಿದ್ದರು. ಪೆಟ್ಟಿಗೆಯೊಳಗೆ ಕೊಕ್ಕೆಗೆ ತೂಗಿಸಿದರೆ ಅಂದವಾಗಿ ಕಾಣಲೆಂದು ಪಾದಗಳು ಹಲಗೆಯಿಂದ ಎರಡು ಬೆರಳು ಮೇಲಿರುವಂತೆ ದಾರ ಕತ್ತರಿಸಿದ್ದರು.

ಅಜ್ಜನವರು ಎರಡು ಮಧ್ಯಾಹ್ನ ನಮ್ಮ ಮನೆಗೆ ಬಂದು ಗೊಂಬೆಗೆ ಮತ್ತೆ ದಾರ ಕಟ್ಟಿದರು. ಸೂಜಿಗೆ ದಾರ ಪೋಣಿಸಿಕೊಡುವ, ಹಿಡಿಕೆಯನ್ನು ಸರಿಮಟ್ಟದಲ್ಲಿ ಹಿಡಿದು ನಿಲ್ಲುವ ಕೆಲಸ ನನ್ನದು. ನೈಲಾನನ್ನು ಕಂಡು ಅವರು ಸಿಡುಕಬಹುದೆಂದು ನಾನು ಎಣಿಸಿದ್ದೆ. ಹಾಗೇನೂ ಆಗಲಿಲ್ಲ. ಹತ್ತಿಯ ದಾರ ಮಳೆಗಾಲದ ಥಂಡಿಗೆ ಬಿಗಿದು ಗಿಡ್ಡವಾಗುತ್ತದೆ, ನಿನ್ನೆ ಸರಿಯಿದ್ದ ಕೈ ಇಂದು ಅರ್ಧ ಎತ್ತಿಕೊಂಡೇ ನಿಲ್ಲುತ್ತದೆ. ಆಗ ತಾವೂ ಗಾಳದ ದಾರವನ್ನೇ ಕಟ್ಟಿದ್ದುಂಟು ಎಂದರು. ನೈಲಾನಿನ ದೋಷ ಬೇರೆ. ವಿದ್ಯುದ್ದೀಪದಲ್ಲಿ ಹೊಳೆಯುತ್ತದೆ, ಗಂಟು ಜಾರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ, ಎಳೆದರೆ ಹಿಗ್ಗಿ ಮತ್ತೆ ಕುಗ್ಗುವುದರಿಂದ ಕಾಲು ಹೆಜ್ಜೆಯ ಕೊನೆಯಲ್ಲಿ ತುಸು ಪುಟಿಯುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ಮೇಣದ ದಾರವನ್ನು ತರಿಸಿ, ಮಸಿ ಬಳಿದು ಕಪ್ಪಾಗಿಸಿದರು.

ಮೊದಲು ತಲೆಯ ದಾರ, ಬೆನ್ನಿನ ದಾರ. ಗೊಂಬೆಯ ಭಾರವನ್ನೆಲ್ಲ ಹೊರುವುವು ಇವು. ಪಾದ ನೆಲಕ್ಕೆ ಪೂರ್ತಿ ತಾಗಿ, ಮೊಣಕಾಲು ಕುಸಿಯದೆ ಇರುವ ಒಂದು ಎತ್ತರ ಸಿಕ್ಕಬೇಕು. ಅದನ್ನು ಹುಡುಕುವುದರಲ್ಲಿಯೇ ಮೊದಲ ಮಧ್ಯಾಹ್ನ ಕಳೆಯಿತು. ಬೆನ್ನಿನ ಗಂಟನ್ನು ಒಂದು ಬೆರಳಿನಷ್ಟು ಕೆಳಗಿಳಿಸಿದಾಗ, ಅದುವರೆಗೆ ಸೆಟೆದು ನಿಂತಿದ್ದ ಎದೆ ಕೊಂಚ ಮುಂದಕ್ಕೆ ಬಾಗಿತು. ಯುದ್ಧಕ್ಕೆ ಹೊರಟವನ ಭಂಗಿ ಬಂದುಬಿಟ್ಟಿತು! ನಾನು ಬಾಯಿಬಿಟ್ಟು ನೋಡುತ್ತಿದ್ದೆ. ಕೈಯ ದಾರಗಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮತ್ತೆ ತೊಡಕು ಬಂದುದು ಕಾಲಿನಲ್ಲಿ.

ದಾರ ಎತ್ತಬಲ್ಲದು, ಇಳಿಸಲಾರದು. ಎತ್ತಿದ ಕಾಲು ತನ್ನ ತೂಕದಿಂದಲೇ ಕೆಳಗೆ ಬೀಳಬೇಕು. ಬೀಳುವುದಕ್ಕೆ ಒಂದು ಕ್ಷಣ ಬೇಕು. ಆದುದರಿಂದ ಏಕತಾಳದ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಬೀಳಬೇಕಾದರೆ, ಆಡಿಸುವವನು ಪೆಟ್ಟು ಬರುವುದಕ್ಕೆ ಮುಂಚೆಯೇ ದಾರವನ್ನು ಸಡಿಲಿಸಿರಬೇಕು. ಭಾಗವತನ ಪದವನ್ನು ಅವನ ಕೈ ಒಂದು ಕೂದಲೆಳೆಯಷ್ಟು ಮುಂದಾಗಿ ಕೇಳುತ್ತಿರಬೇಕು. ಮೊಣಕಾಲಿನ ದಾರ ಬಿಗಿಯಾದರೆ ಕಾಲು ನೆಲ ಮುಟ್ಟುವುದೇ ಇಲ್ಲ. ಸಡಿಲವಾದರೆ ಎತ್ತುವುದಕ್ಕೇ ಹೊತ್ತು ಕಳೆದು ತಾಳ ತಪ್ಪುತ್ತದೆ. ನಮ್ಮ ಗೊಂಬೆಯ ಬಲಗಾಲು ಸರಿಹೋದರೂ ಎಡಗಾಲು ಮಾತು ಕೇಳಲಿಲ್ಲ. ಹೊಸ ಪಾದವನ್ನು ತೀರ ಹಗುರ ಮರದಿಂದ ಮಾಡಿದ್ದರು. ಅಂಗಾಲಿನಲ್ಲಿ ಸಣ್ಣದೊಂದು ತೂತು ಕೊರೆದು, ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಕೂರಿಸಿದ ಮೇಲೆ ಎರಡು ಕಾಲಿಗೂ ಹೊಂದಿಕೆಯಾಯಿತು. ಶಿಲ್ಪವೆಂದು ನೋಡುವವರಿಗೆ ಈ ಸೀಸ ಎಂದಿಗೂ ಕಾಣದು.

ಗೊಂಬೆಗಳ ಬಗೆಗೆ ನಮ್ಮಲ್ಲಿ ಬಂದಿರುವ ಬರಹಗಳಲ್ಲಿ ನಾನು ಓದಿದವು ಹೆಚ್ಚಾಗಿ ಮುಖವರ್ಣಿಕೆ, ಕಿರೀಟ, ಆಭರಣ, ಪ್ರಸಂಗಗಳನ್ನು ವರ್ಣಿಸುತ್ತವೆ. ದಾರದ ಅಳತೆಯನ್ನು ಹೇಳುವುದಿಲ್ಲ. ನಾನು ಬರೆದ ಒಂದೆರಡು ಲೇಖನಗಳೂ ಹಾಗೆಯೇ ಇವೆ. ಪದ್ಯವನ್ನು ಛಂದಸ್ಸಿಲ್ಲದೆ ಅಚ್ಚುಮಾಡಿದಂತೆ ಇದು. ದಾರ ಹರಿದಂದೇ ಗೊಂಬೆಯ ನಡೆ ಹೋಗುತ್ತದೆ. ಮರ ಮಾತ್ರ ನಮ್ಮ ಬೀರುವಿಗೆ ಬರುತ್ತದೆ. ನಡೆಯನ್ನು ಅಳತೆಯಿಂದ ಮತ್ತೆ ಕಟ್ಟಬಲ್ಲವರು ಬೆರಳೆಣಿಕೆಯಷ್ಟು ಮಂದಿ.

ಮುಖದ ವಿಷಯ ಹೇಳಲು ನಾಚಿಕೆಯಾಗುತ್ತದೆ. ಹಸ್ತಪ್ರತಿಗಳನ್ನು ಸಂಪಾದಿಸುವಾಗ, ಸುಲಭವಾದ ಪಾಠಕ್ಕಿಂತ ಕಠಿಣವಾದ ಪಾಠವೇ ಮೂಲಕ್ಕೆ ಹತ್ತಿರವಿರಬಹುದು, ತಿದ್ದಿದರೆ ಅಡಿಟಿಪ್ಪಣಿಯಲ್ಲಿ ತಿಳಿಸಬೇಕು ಎಂದು ವಿದ್ಯಾರ್ಥಿಗಳಿಗೆ ಬೋಧಿಸುವವನು ನಾನು. ಅದೇ ನಾನು, ಯಾವನೋ ಕಲಾವಿದ ಕೂದಲಿನಷ್ಟು ತೆಳ್ಳಗೆ ಎಳೆದಿದ್ದ ಹುಬ್ಬಿನ ಗೆರೆಯ ಮೇಲೆ ಎನಾಮೆಲ್ ಬಳಿಸಿ, ಬಿಲ್ಲಿಗೆ ರುಜು ಹಾಕಿದ್ದೆ. ಬಣ್ಣ ಬಳಿಯುವುದಕ್ಕೆ ಮುಂಚೆ ಒಂದು ಫೋಟೋ ಸಹ ತೆಗೆಯಿಸಲಿಲ್ಲ. ಹೆರೆಸಿಬಿಡಲೇ ಎಂದು ಕೇಳಿದೆ. ಅಜ್ಜನವರು ಉಗುರಿನಿಂದ ಕೆನ್ನೆಯನ್ನು ತಟ್ಟಿ ನೋಡಿ, “ಬೇಡ. ಮೇಲಿನದು ಬರುವಾಗ ಕೆಳಗಿನದನ್ನೂ ಕರೆದುಕೊಂಡು ಬರುತ್ತದೆ” ಎಂದರು. ಹಾಗಾಗಿ ಆ ದಪ್ಪ ಹುಬ್ಬು ಇಂದಿಗೂ ಇದೆ, ನನ್ನನ್ನೇ ದುರುಗುಟ್ಟಿಕೊಂಡು.

ಎರಡನೆಯ ಮಧ್ಯಾಹ್ನದ ಕೊನೆಗೆ ಅವರು ಬಾಯಲ್ಲಿ ತಾಳ ಹೇಳಿಕೊಂಡು ಗೊಂಬೆಯನ್ನು ನಮ್ಮ ಊಟದ ಮೇಜಿನ ಮೇಲೆ ಕುಣಿಸಿದರು. ಸೀಸದ ಪಾದ ಮರದ ಮೇಲೆ ಟಪ್ಪೆಂದು ಬಿತ್ತು. ಅಡಿಗೆಮನೆಯಿಂದ ನನ್ನ ಮನೆಯವರು ಇಣಿಕಿ ನೋಡಿದರು. ಅಭಿಮನ್ಯು ಚೆನ್ನಾಗಿ ಕುಣಿದ ಎಂದೆ. ಆಟಕ್ಕೆ ಬೇಕಾದಂತೆ ಇವತ್ತು ಅಭಿಮನ್ಯು, ನಾಳೆ ಬಭ್ರುವಾಹನ. ಇವನಿಗೆ ಅಂಥ ಒಂದೇ ಹೆಸರಿಲ್ಲ ಎಂದು ನಕ್ಕರು. ದಾರದ ತುದಿಗಳನ್ನು ಕತ್ತರಿಸಹೋದ ನನ್ನನ್ನು ತಡೆದು, ಉಳಿದ ಉದ್ದವನ್ನು ಹಿಡಿಕೆಗೇ ಸುತ್ತಿಟ್ಟರು. ಮುಂದೆ ಬಿಚ್ಚಿ ಕಟ್ಟುವವನಿಗೆ ಬೇಕಾಗುತ್ತದಂತೆ.

ಗೊಂಬೆ ಈಗ ಮಲಗಿಲ್ಲ. ಬಟ್ಟೆಯ ಚೀಲದೊಳಗೆ ತೂಗಾಡುತ್ತಿದೆ. ಹಳೆಯ ಚೀಟಿಯನ್ನು ಕಿತ್ತು ಬೇರೆಯದನ್ನು ಬರೆದಿದ್ದೇನೆ: ‘ಕೇದಗೆ ಮುಂದಲೆಯ ವೇಷ. ದಾರ ಹೊಸದು, ಅಳತೆ ಹಿಂಬದಿಯಲ್ಲಿದೆ. ಎಡಪಾದ ಹೊಸದು, ಒಳಗೆ ಸೀಸ. ಮುಖದ ಬಣ್ಣ ಹೊಸದು, ನನ್ನ ಒಪ್ಪಿಗೆಯಿಂದ.’ ಕೆಳಗೆ ನನ್ನ ರುಜು.