ಸೀಟು ಅನ್ನೋದು ಆಪ್ಷನಲ್ ಅಲ್ಲ

ಆಫೀಸಲ್ಲಿ ನಮಗೆ ಸೊಂಟ ನೋವು ಅಂದ್ರೆ ಸಾಕು, ಹೊಸ ಕುರ್ಚಿ ಬರುತ್ತೆ. ನಾವು ಆರ್ಡರ್ ಮಾಡಿದ ಡಬ್ಬಾನ ಹೊಸಕೋಟೆ, ನೆಲಮಂಗಲದ ಗೋದಾಮಲ್ಲಿ ಎತ್ತಿಡೋ ಫೋರ್ಕ್‌ಲಿಫ್ಟ್ ಚಾಲಕನ ಸೊಂಟದ ಕಥೆ?

ಆ ಗಾಡಿಯ ವಿನ್ಯಾಸ ನೋಡಿ. ಭಾರ ಎತ್ತಿದಾಗ ತೂಗಾಡಬಾರದು ಅಂತ ಸಾಮಾನ್ಯವಾಗಿ ಕಾರಿನಂಥ ಸಸ್ಪೆನ್ಷನ್ ಇರಲ್ಲ. ಟೈರೂ ಹೆಚ್ಚಾಗಿ ಗಟ್ಟಿ ರಬ್ಬರು. ನೆಲದ ಬಿರುಕು ನೇರ ಬೆನ್ನುಮೂಳೆಗೆ. ನಡುವೆ ಇರೋದು ಸೀಟೊಂದೇ. ಒಳ್ಳೆ ಸೀಟಲ್ಲಿ ಚಾಲಕನ ತೂಕಕ್ಕೆ ಹೊಂದಿಸೋ ತಿರುಪು ಇರುತ್ತೆ. ಆದರೆ ಶಿಫ್ಟ್ ಬದಲಾದಾಗ ಅದನ್ನ ತಿರುಗಿಸೋಕೆ ಪುರುಸೊತ್ತು ಕೊಡದಿದ್ರೆ, 90 ಕೆಜಿಯವನಿಗೆ ಹೊಂದಿಸಿದ್ದು 60 ಕೆಜಿಯವನಿಗೆ ಕಲ್ಲುಬೆಂಚು.

ಇನ್ನು ಕತ್ತು. ಎತ್ತರದ ಲೋಡ್ ದಾರಿ ಮರೆಮಾಡಿದರೆ ರಿವರ್ಸಲ್ಲೇ ಹೋಗಬೇಕು ಅನ್ನೋದು ಸುರಕ್ಷತೆಯ ಪಾಠ. ಅಂದರೆ ದಿನವಿಡೀ ಕತ್ತು ತಿರುಚು ಅಂತ. ಹಾಗಂತ ಪರಿಹಾರ ಇಲ್ಲ ಅಂತಲ್ಲ. ತಿರುಗೋ ಸೀಟಿನ ಮಾದರಿಗಳಿವೆ. ರೀಚ್ ಟ್ರಕ್‌ಗಳಲ್ಲಂತೂ ಚಾಲಕ ಅಡ್ಡಕ್ಕೇ ಕೂರ್ತಾನೆ. ಖರೀದಿ ಮಾಡೋವಾಗ ಮಾತ್ರ ಇಂಥ ಸೀಟು 'ಆಪ್ಷನಲ್' ಕಾಲಂಗೆ ಹೋಗಿ ಬೀಳುತ್ತೆ.

ಯುರೋಪಿನ 2002ರ ನಿರ್ದೇಶನದಲ್ಲಿ 8 ಗಂಟೆಯ ದುಡಿಮೆಗೆ ಮೈಯಿಡೀ ಕಂಪನದ ಲೆಕ್ಕ ಇದೆ: 0.5 ಮೀ/ಸೆ² ದಾಟಿದರೆ ಕಂಪನ ತಗ್ಗಿಸೋ ಕ್ರಮ ಶುರುವಾಗಬೇಕು, 1.15 ದಾಟಲೇಬಾರದು. ಹೊಣೆ ಮಾಲೀಕನದು, ಚಾಲಕನ ಸಹನೆಯದ್ದಲ್ಲ.

ಎರ್ಗೊನಾಮಿಕ್ಸ್ ಇದ್ರೆ ಪ್ರೊಡಕ್ಟಿವಿಟಿ ಹೆಚ್ಚುತ್ತೆ ಅಂತ ಬ್ರೋಷರ್‌ಗಳು ಹೇಳ್ತವೆ. ಹೆಚ್ಚಲಿ. ಹೆಚ್ಚದಿದ್ರೂ ಆ ಸೀಟು ಬೇಕು. ನೊಗ ಉಜ್ಜಿ ಎತ್ತಿನ ಹೆಗಲು ಹುಣ್ಣಾದ್ರೆ ನಮ್ಮೂರಲ್ಲಿ ನೇಗಿಲು ಬಿಚ್ಚಿ ಎಣ್ಣೆ-ಅರಿಶಿನ ಹಚ್ಚುತ್ತಾರೆ. ನಾಳೆ ಎಷ್ಟು ಸಾಲು ಜಾಸ್ತಿ ಉಳುತ್ತೆ ಅಂತ ಲೆಕ್ಕ ಹಾಕಿ ಹಚ್ಚಲ್ಲ.